ಉದುರುವ ಉಕಾರ

ಕನ್ನಡದ ಪದಗಳು ಸ್ವರಾಂತವಾದವು ಎಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಕರಿಹಲಗೆಯ ಮೇಲೆ ‘ಊರು, ಹಾಲು, ಕಣ್ಣು, ಮಣ್ಣು’ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಕೊನೆಗೂ ಒಂದು ಉಕಾರ ಕುಳಿತಿರುವುದನ್ನು ಮಕ್ಕಳಿಗೆ ತೋರಿಸುತ್ತೇವೆ. ಗಂಟೆ ಹೊಡೆದ ಮೇಲೆ ಹೊರಗೆ ಬಂದು, ಕಾಫಿಯ ಅಂಗಡಿಯ ಮುಂದೆ ನಿಂತು, ‘ಹಾಲ್ ಸ್ವಲ್ಪ ಜಾಸ್ತಿ ಹಾಕಪ್ಪ’ ಎನ್ನುತ್ತೇವೆ. ಹತ್ತು ನಿಮಿಷದ ಹಿಂದೆ ಹಲಗೆಯ ಮೇಲಿದ್ದ ಉಕಾರ ಈಗ ನಾಲಗೆಯ ಮೇಲಿಲ್ಲ. ಅದು ಬಿದ್ದುಹೋದುದನ್ನು ಹೇಳಿದವರೂ ಗಮನಿಸುವುದಿಲ್ಲ, ಕೇಳಿದವನೂ ಗಮನಿಸುವುದಿಲ್ಲ. ಹಾಲು ಮಾತ್ರ ಸರಿಯಾಗಿ ಲೋಟಕ್ಕೆ ಬಂದು ಬೀಳುತ್ತದೆ.

ಪದದ ಕೊನೆಯ ಧ್ವನಿ ಹೀಗೆ ಕಳಚಿಕೊಳ್ಳುವುದಕ್ಕೆ ಅಂತ್ಯಲೋಪವೆಂದು ಹೆಸರಿಟ್ಟುಕೊಳ್ಳೋಣ. ಇದು ಕನ್ನಡಕ್ಕೆ ಮಾತ್ರ ಬಂದ ರೋಗವೇನೂ ಅಲ್ಲ. ಇಂಗ್ಲಿಷಿನಲ್ಲಿ ‘ನೇಮ್’ ಎಂಬ ಪದದ ಕೊನೆಗೆ ಇಂದು ಬರೆದು ಬಿಡುವ ‘ಇ’ ಅಕ್ಷರ ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ಪದ್ಯಗಳಲ್ಲಿ ಉಚ್ಚಾರಣೆಯಲ್ಲಿಯೂ ಇದ್ದಿತು. ಈಗ ಕಾಗದದ ಮೇಲೆ ಮಾತ್ರ ಉಳಿದಿದೆ. ಸಂಸ್ಕೃತದ ರಾಮ ಹಿಂದಿಯವರ ಬಾಯಲ್ಲಿ ರಾಮ್ ಆಗಿದ್ದಾನೆ. ಆದರೆ ನಮ್ಮಲ್ಲಿ ಇದನ್ನು ಕುರಿತು ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: ಇದು ನಾಲಗೆಯ ಸೋಮಾರಿತನ, ಭಾಷೆ ಕೆಡುತ್ತಿರುವುದರ ಗುರುತು, ಇಂದಿನ ಹುಡುಗರ ಅವಸರದ ಫಲ. ನಾನು ಬಹುಕಾಲ ಕನ್ನಡ ಪಾಠ ಹೇಳಿಕೊಂಡು ಬಂದವನು. ಈ ತೀರ್ಪನ್ನು ಒಪ್ಪಲು ನನ್ನ ಕಿವಿ ಬಿಡುವುದಿಲ್ಲ. ನಾಲಗೆ ಸೋಮಾರಿಯಾಗಿದ್ದರೆ ಕೈಗೆ ಸಿಕ್ಕಿದುದನ್ನೆಲ್ಲ ಬಿಸಾಡಬೇಕಾಗಿತ್ತು. ಅದು ಹಾಗೆ ಮಾಡುತ್ತಿಲ್ಲ. ಕೆಲವನ್ನು ಬಿಡುತ್ತದೆ, ಕೆಲವನ್ನು ಪ್ರಾಣ ಹೋದರೂ ಬಿಡುವುದಿಲ್ಲ. ಬಿಡುವುದು ಯಾವುದನ್ನು, ಬಿಡದಿರುವುದು ಯಾವುದನ್ನು ಎಂಬುದೇ ಇಲ್ಲಿ ನೋಡತಕ್ಕ ವಿಷಯ.

ಮೊದಲು ಈ ಉಕಾರದ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸಬೇಕು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ‘ಕಣ್ಣು’ ಇರಲಿಲ್ಲ, ‘ಕಣ್’ ಇತ್ತು. ಹಾಲು ‘ಪಾಲ್’ ಆಗಿತ್ತು. ಊರು ‘ಊರ್’, ನೀರು ‘ನೀರ್’, ಹೊನ್ನು ‘ಪೊನ್’, ಹೆಸರು ‘ಪೆಸರ್’. ಹೀಗೆ ವ್ಯಂಜನದಲ್ಲಿ ನಿಲ್ಲುವ ಪದಗಳು ಹಳಗನ್ನಡದಲ್ಲಿ ಹೇರಳ; ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಅವನ್ನು ಲೆಕ್ಕಕ್ಕೆ ತೆಗೆದುಕೊಂಡೇ ವ್ಯಾಕರಣ ಹೇಳುತ್ತದೆ. ನಡುಗನ್ನಡದ ಕಾಲಕ್ಕೆ ಈ ವ್ಯಂಜನಗಳ ಬೆನ್ನಿಗೆ ಒಂದೊಂದು ಉಕಾರ ಬಂದು ಸೇರಿಕೊಂಡಿತು. ಸೇರುವಾಗಲೂ ಒಂದು ಶಿಸ್ತಿತ್ತು. ಹ್ರಸ್ವವಾದ ಏಕಾಕ್ಷರ ಪದವಾದರೆ ವ್ಯಂಜನ ಇಮ್ಮಡಿಯಾಗಿ ‘ಕಣ್ಣು, ಮಣ್ಣು, ಹೊನ್ನು, ಕಲ್ಲು, ಬಿಲ್ಲು’. ದೀರ್ಘವಾದರೆ ಇಮ್ಮಡಿಯಿಲ್ಲದೆ ‘ಹಾಲು, ಕಾಲು, ಊರು, ಬೇರು’. ಯಕಾರದಲ್ಲಿ ನಿಲ್ಲುತ್ತಿದ್ದ ನಾಯ್, ತಾಯ್, ಬಾಯ್‌ಗಳಿಗೆ ಉಕಾರದ ಬದಲು ಇಕಾರ ಬಂದಿತು. 1894ರಲ್ಲಿ ಅಚ್ಚಾದ ಕಿಟೆಲರ ನಿಘಂಟನ್ನು ಬಿಚ್ಚಿ ನೋಡಿದವರಿಗೆ ಈ ಹಳೆಯ ರೂಪ, ಹೊಸ ರೂಪಗಳೆರಡೂ ಕಾಣಸಿಗುತ್ತವೆ.

ಆದ್ದರಿಂದ ಊರು, ಹಾಲು, ಕಣ್ಣುಗಳ ಉಕಾರ ಮನೆಯ ಮಗನಲ್ಲ, ಬಂದ ಅತಿಥಿ. ಅರ್ಥದಲ್ಲಿ ಅದಕ್ಕೆ ಪಾಲಿಲ್ಲ. ವ್ಯಂಜನದ ಮೇಲೆ ತಟ್ಟನೆ ನಿಲ್ಲುವುದು ಕಷ್ಟವೆಂದು ನಾಲಗೆ ತನ್ನ ಅನುಕೂಲಕ್ಕಾಗಿ ಇಟ್ಟುಕೊಂಡ ಆಸರೆ ಅದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಇದನ್ನು ಉಚ್ಚಾರಣೆಯ ಸೌಕರ್ಯಕ್ಕಾಗಿ ಬರುವ ಸ್ವರವೆಂದೇ ಕರೆದ. ತಮಿಳಿನ ವೈಯಾಕರಣರು ಅದಕ್ಕಿಂತ ಬಹು ಹಿಂದೆಯೇ, ‘ತೊಲ್ಕಾಪ್ಪಿಯಂ’ ಕಾಲದಲ್ಲಿಯೇ, ಪದದ ತುದಿಯ ಹಗುರವಾದ ಉಕಾರವನ್ನು ಪೂರ್ಣ ಉಕಾರದಿಂದ ಬೇರೆಮಾಡಿ ‘ಕುಟ್ರಿಯಲುಗರಂ’ ಎಂದು ಹೆಸರಿಟ್ಟಿದ್ದರು. ಮಲಯಾಳಿಗಳು ಅದನ್ನು ಬರೆಯಲು ಚಂದ್ರಕ್ಕಲ ಎಂಬ ಪುಟ್ಟ ಗುರುತನ್ನು ಬಳಸುತ್ತಾರೆ. ತುಳುವಿನಲ್ಲಿಯೂ ಅಂಥ ಅರೆಸ್ವರ ಪದಪದಕ್ಕೂ ಕೇಳಿಸುತ್ತದೆ. ಕನ್ನಡ ಲಿಪಿಯಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಗುರುತಿಲ್ಲ. ಪೂರ್ತಿ ಕೊಂಬು ಕೊಡಬೇಕು, ಇಲ್ಲವೆ ಅರ್ಧಾಕ್ಷರ ಬರೆಯಬೇಕು. ನಮ್ಮ ಜಗಳಗಳಲ್ಲಿ ಅರ್ಧ ಲಿಪಿಯ ಈ ಕೊರತೆಯಿಂದಲೇ ಹುಟ್ಟಿದುವೆಂದು ನನ್ನ ಗುಮಾನಿ.

ಇನ್ನು ಉಕಾರಗಳಲ್ಲಿ ಮನೆಯ ಮಕ್ಕಳೂ ಉಂಟು. ಗುರು, ವಸ್ತು, ಶತ್ರು, ಋತು ಮುಂತಾದ ಸಂಸ್ಕೃತ ಶಬ್ದಗಳಲ್ಲಿ ಉಕಾರ ಪದದ ಮೈಯಲ್ಲಿಯೇ ಇದೆ. ಕನ್ನಡದ ಹಸು, ಕರು, ಮಗು, ಮಡು, ನಡು ಇಂಥ ಎರಡು ಹ್ರಸ್ವಾಕ್ಷರದ ಪದಗಳಲ್ಲಿಯೂ ಅದು ಗಟ್ಟಿಯಾಗಿ ಕುಳಿತಿದೆ. ಕಣ್ಣಿಗೆ ಎರಡು ಬಗೆಯ ಉಕಾರವೂ ಒಂದೇ ಕೊಂಬು. ಆದರೆ ಭಾಷೆ ಎರಡನ್ನೂ ಒಂದೇ ಎಂದು ಎಂದೂ ತಿಳಿದಿಲ್ಲ.

ಸಂಧಿಯ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಸಾರ್, ಊರು ಅನ್ನೋದಕ್ಕೆ ಊರನ್ನು ಅಂತೀವಿ. ಗುರು ಅನ್ನೋದಕ್ಕೆ ಗುರನ್ನು ಅಂತ ಯಾಕೆ ಅನ್ನಲ್ಲ?’ ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತಿರುವುದೇ: ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ, ಹಿಂದಿನ ಸ್ವರ ಲೋಪವಾಗುತ್ತದೆ, ಅರ್ಥ ಕೆಡುವಂತಿದ್ದರೆ ನಡುವೆ ಯಕಾರವೋ ವಕಾರವೋ ಆಗಮವಾಗುತ್ತದೆ. ಹುಡುಗನಿಗೆ ಇದು ಸಾಲಲಿಲ್ಲ. ‘ಗುರನ್ನು ಅಂದರೂ ಅರ್ಥ ಆಗುತ್ತಲ್ಲ ಸಾರ್!’ ಎಂದ. ಪ್ರಶ್ನೆ ನ್ಯಾಯವಾದುದು. ಆಗ ಸೂತ್ರವನ್ನು ಬದಿಗಿಟ್ಟು ಮಕ್ಕಳಿಂದ ಕೆಲವು ಮಾತುಗಳನ್ನು ಬೇಗಬೇಗ ಹೇಳಿಸಿದೆ. ‘ಊರು ಬಂತು’ ಎಂಬುದನ್ನು ಇಡೀ ತರಗತಿ ‘ಊರ್ ಬಂತು’ ಎಂದಿತು. ‘ಹಾಲು ತಾ’ ಎಂಬುದು ‘ಹಾಲ್ ತಾ’ ಆಯಿತು. ‘ಕಣ್ಣು ಬಿಡು’ ಎಂಬುದು ‘ಕಣ್ ಬಿಡು’ ಆಯಿತು. ‘ಹಸು ಬಂತು’ ಎಂಬುದು ಮಾತ್ರ ಎಷ್ಟು ಬೇಗ ಹೇಳಿಸಿದರೂ ‘ಹಸು ಬಂತು’ ಆಗಿಯೇ ಉಳಿಯಿತು. ‘ಹಸ್ ಬಂತು’ ಎಂದು ಒಬ್ಬರ ಬಾಯಲ್ಲಿಯೂ ಬರಲಿಲ್ಲ. ‘ಮಗು ಅತ್ತಿತು’ ಎನ್ನುವಾಗ ‘ಮಗ್’ ಎಂದವರಿಲ್ಲ. ‘ಕರು’ ಎನ್ನುವಾಗ ‘ಕರ್’ ಎಂದವರಿಲ್ಲ. ಬಳಿಕ ಇವುಗಳಿಗೆ ವಿಭಕ್ತಿ ಹಚ್ಚಿ ಹಲಗೆಯ ಮೇಲೆ ಬರೆಸಿದೆ. ಊರಿನ, ಹಾಲಿನ, ಕಣ್ಣಿನ ಒಂದು ಕಡೆ ಸೇರಿದುವು. ಹಸುವಿನ, ಮಗುವಿನ, ಕರುವಿನ ಇನ್ನೊಂದು ಕಡೆ. ಮಾತಿನ ಭರದಲ್ಲಿ ಯಾವ ಉಕಾರ ಉದುರಿತ್ತೋ ಅದೇ ಸಂಧಿಯಲ್ಲಿಯೂ ಲೋಪವಾಗಿತ್ತು. ಮಾತಿನಲ್ಲಿ ಉದುರದೆ ನಿಂತದ್ದು ಸಂಧಿಯಲ್ಲಿ ವಕಾರವನ್ನು ಕರೆತಂದು ತನ್ನ ಜಾಗವನ್ನು ಉಳಿಸಿಕೊಂಡಿತ್ತು. ಪ್ರಶ್ನೆ ಕೇಳಿದ ಹುಡುಗ ಹಲಗೆಯನ್ನು ನೋಡಿ, ‘ಹಾಗಾದರೆ ನಮಗೆ ಮೊದಲೇ ಗೊತ್ತಿತ್ತು!’ ಎಂದ. ನನ್ನ ವಿವರಣೆಗಿಂತ ಅದು ಚೆನ್ನಾಗಿತ್ತು.

ಹೌದು, ಅವರಿಗೆ ಮೊದಲೇ ಗೊತ್ತಿತ್ತು. ಹಳಗನ್ನಡದ ಒಂದು ಪದ್ಯವನ್ನೂ ಓದದ ಮಗುವಿಗೆ, ಯಾವ ಉಕಾರ ಹಗುರವಾದುದು, ಯಾವುದು ಗಟ್ಟಿಯಾದುದು ಎಂಬುದು ತಿಳಿದಿದೆ. ‘ತೇರು’ ಎಂಬುದಕ್ಕೆ ‘ತೇರಿನ’ ಎನ್ನುವ ನಾವು ‘ಮೇರು’ ಎಂಬುದಕ್ಕೆ ‘ಮೇರುವಿನ’ ಎನ್ನುತ್ತೇವೆ. ಎರಡಕ್ಕೂ ಪ್ರಾಸ ಕೂಡುತ್ತದೆ, ವ್ಯಾಕರಣ ಕೂಡುವುದಿಲ್ಲ. ಈ ಲೆಕ್ಕ ಪೂರ್ತಿ ಚೊಕ್ಕಟವಾದುದೆಂದು ನಾನು ಹೇಳುತ್ತಿಲ್ಲ. ನಾಡು, ಕಾಡು ಮೊದಲಾದವುಗಳಿಗೆ ಹಳಗನ್ನಡದಲ್ಲಿಯೇ ಉಕಾರವಿತ್ತು, ಆದರೂ ಅದು ಹಗುರವಾದುದೇ. ‘ಅದು’, ‘ಇದು’ ಎಂಬ ಸರ್ವನಾಮಗಳು ನೋಡುವುದಕ್ಕೆ ‘ಹಸು’ವಿನ ಜಾತಿಗೆ ಸೇರಿದವು, ನಡೆಯುವುದು ‘ಊರಿ’ನ ದಾರಿಯಲ್ಲಿ: ಅದನ್ನು, ಇದನ್ನು. ಬಹಳ ಸವೆದ ನಾಣ್ಯಗಳಿಗೆ ಹೀಗಾಗುವುದು ಸಹಜ.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ‘ಕಣ್ ಬಿಡು’ ಎಂದು ಇಂದಿನ ತಾಯಿ ಮಗುವಿಗೆ ಹೇಳುವಾಗ ಅವಳ ಬಾಯಲ್ಲಿ ಬರುವ ‘ಕಣ್’ ಪಂಪನ ‘ಕಣ್’ ಅಲ್ಲದೆ ಬೇರೆಯಲ್ಲ. ಸಾವಿರ ವರ್ಷ ಕಳೆದು ಪದ ತಾನು ಹೊರಟ ಜಾಗಕ್ಕೇ ಬಂದು ನಿಂತಿದೆ. ಗ್ರಾಮ್ಯವೆಂದು ನಾವು ಗದರಿಸುವ ರೂಪವನ್ನೇ ಹಳಗನ್ನಡ ತರಗತಿಯಲ್ಲಿ ಪ್ರೌಢವೆಂದು ಬಾಯಿಪಾಠ ಮಾಡಿಸುತ್ತೇವೆ! ಅಷ್ಟೇಕೆ, ಶಿಷ್ಟವಾದ ಸಮಾಸಗಳಲ್ಲಿ ಹಳೆಯ ರೂಪ ಎಂದೂ ಮರೆಯಾಗಿಯೇ ಇಲ್ಲ. ತಾಯ್ನುಡಿ, ಕಾಲ್ನಡಿಗೆ, ಕಣ್ಗಾವಲು, ಮೇಲ್ಮನೆ ಎಂದು ಬರೆಯುತ್ತೇವೆಯೇ ಹೊರತು ತಾಯಿನುಡಿ, ಕಾಲುನಡಿಗೆ ಎಂದು ಬರೆಯುವವರು ಕಡಮೆ.

ಈ ಅತಿಥಿಸತ್ಕಾರ ಹಳೆಯ ಕಾಲದ ಕಥೆಯಾಗಿ ನಿಂತಿದ್ದರೆ ವಿಷಯ ಇಷ್ಟು ಸ್ವಾರಸ್ಯವಾಗುತ್ತಿರಲಿಲ್ಲ. ಇಂಗ್ಲಿಷಿನಿಂದ ವ್ಯಂಜನಾಂತ ಪದಗಳು ಹಿಂಡುಹಿಂಡಾಗಿ ಬಂದಾಗ ಕನ್ನಡ ಅವಕ್ಕೂ ಅದೇ ಉಪಚಾರ ಮಾಡಿತು, ಅದೇ ಶಿಸ್ತಿನಿಂದ. ಹ್ರಸ್ವವಾದರೆ ಇಮ್ಮಡಿ: ಬಸ್ಸು, ಪೆನ್ನು, ಬುಕ್ಕು, ಕಪ್ಪು. ದೀರ್ಘವಾದರೆ ಬರಿಯ ಉಕಾರ: ಕಾರು, ರೈಲು, ಸ್ಕೂಲು, ಫೋನು. ‘ಕಣ್’ ಎಂಬುದನ್ನು ‘ಕಣ್ಣು’ ಮಾಡಿದ ನಿಯಮವೇ ‘ಪೆನ್’ ಎಂಬುದನ್ನು ‘ಪೆನ್ನು’ ಮಾಡಿತು. ‘ಪಾಲ್’ ಎಂಬುದನ್ನು ‘ಹಾಲು’ ಮಾಡಿದುದೇ ‘ಸ್ಕೂಲ್’ ಎಂಬುದನ್ನು ‘ಸ್ಕೂಲು’ ಮಾಡಿತು. ಓದು ಬರಹ ಬಾರದ ಜನ ಕಟ್ಟಿದ ರೂಪಗಳಿವು; ಯಾವ ಪಂಡಿತ ಪರಿಷತ್ತೂ ಕೂತು ನಿರ್ಣಯಿಸಿದುವಲ್ಲ.

ಬಸ್ಸಿನ ಮಾತು ಬಂದುದರಿಂದ ಅದರ ಹುಟ್ಟನ್ನೂ ಹೇಳಿಬಿಡುತ್ತೇನೆ. ಲ್ಯಾಟಿನ್ ಭಾಷೆಯ ‘ಓಮ್ನಿಬಸ್’ ಎಂದರೆ ‘ಎಲ್ಲರಿಗೆ’ ಎಂದರ್ಥ. ‘ಓಮ್ನಿಸ್’ ಎಂಬುದು ಮೂಲ ಶಬ್ದ. ಕೊನೆಯಲ್ಲಿರುವ ‘ಇಬಸ್’ ಚತುರ್ಥೀ ವಿಭಕ್ತಿಯ ಬಹುವಚನದ ಪ್ರತ್ಯಯ. ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಂದಿತು. ಇಂಗ್ಲಿಷರು ಅದನ್ನು ಮೊಟಕು ಮಾಡುವಾಗ ತಲೆಯನ್ನು ಕತ್ತರಿಸಿ ಬಾಲವನ್ನು ಇಟ್ಟುಕೊಂಡರು. ಹೀಗಾಗಿ ‘ಬಸ್’ ಎಂಬುದು ಪದವೇ ಅಲ್ಲ, ಒಂದು ವಿಭಕ್ತಿಪ್ರತ್ಯಯದ ಚೂರು! ಆ ಚೂರಿಗೆ ನಾವು ಉಕಾರ ಕೊಟ್ಟು, ಮೇಲೆ ನಮ್ಮದೇ ಚತುರ್ಥಿಯನ್ನು ಹಚ್ಚಿ ‘ಬಸ್ಸಿಗೆ’ ಎನ್ನುತ್ತೇವೆ. ವಿಭಕ್ತಿಯ ಮೇಲೆ ವಿಭಕ್ತಿ. ಪ್ರಯಾಣಿಕರಿಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲ.

ನಾಮಪದಗಳನ್ನು ಬಿಟ್ಟು ಕ್ರಿಯಾಪದಗಳಿಗೆ ಬಂದರೆ ನಾಲಗೆಯ ಜಾಣತನ ಇನ್ನೂ ಚೆನ್ನಾಗಿ ಕಾಣುತ್ತದೆ. ‘ಬಂದನು’ ಎಂಬುದು ಮಾತಿನಲ್ಲಿ ‘ಬಂದ’ ಆಗಿದೆ. ಉಕಾರ ಮಾತ್ರವಲ್ಲ, ಅದರ ಹಿಂದಿನ ನಕಾರವೂ ಹೋಗಿದೆ. ‘ಬಂದಳು’ ಎಂಬುದು ‘ಬಂದ್ಳು’ ಆಗುತ್ತದೆ, ‘ಬಂದರು’ ಎಂಬುದು ‘ಬಂದ್ರು’ ಆಗುತ್ತದೆ. ಅಲ್ಲಿ ಳಕಾರ, ರಕಾರಗಳು ಹೋಗಿಲ್ಲ. ಏಕೆ? ಮೂರರ ತುದಿಯೂ ಹೋದರೆ ಮೂರೂ ‘ಬಂದ’ ಆಗಿ, ಬಂದದ್ದು ಅವನೋ ಅವಳೋ ಅವರೋ ತಿಳಿಯದೆ ಹೋಗುತ್ತದೆ. ಒಂದರ ತುದಿ ಮಾತ್ರ ಹೋದರೆ, ತುದಿಯಿಲ್ಲದಿರುವುದೇ ಅದರ ಗುರುತಾಗುತ್ತದೆ. ಮೂವರಲ್ಲಿ ಇಬ್ಬರು ಟೋಪಿ ಹಾಕಿದ್ದರೆ ಮೂರನೆಯವನನ್ನು ಗುರುತಿಸಲು ಬೇರೆ ಟೋಪಿ ಬೇಕೆ? ಇನ್ನು ‘ಬಂದು ಹೋಗು’ ಎಂಬಲ್ಲಿಯ ‘ಬಂದು’ ಮಾತಿನಲ್ಲಿ ‘ಬಂದ್’ ಎಂದು ನಿಲ್ಲುತ್ತದೆ. ಅದು ‘ಬಂದ’ ಎಂಬುದರ ತಂಟೆಗೆ ಹೋಗುವುದಿಲ್ಲ. ‘ಬಂದ’ ತನ್ನ ಕೊನೆಯ ಅಕಾರವನ್ನು ಭದ್ರವಾಗಿ ಹಿಡಿದುಕೊಂಡಿರುತ್ತದೆ.

ನಾಲಗೆ ಎಲ್ಲೆಲ್ಲಿಯೂ ಗೆದ್ದಿದೆ ಎನ್ನುವಂತಿಲ್ಲ. ‘ನಾನು ಬಂದೆನು’ ಎಂಬುದರ ತುದಿ ಬಿದ್ದು ‘ಬಂದೆ’ ಆದಾಗ ಅದು ‘ನೀನು ಬಂದೆ’ ಎಂಬುದರೊಡನೆ ಕಲಸಿಹೋಯಿತು. ಬರಿಯ ‘ಬಂದೆ’ ಎಂದರೆ ಯಾರು ಬಂದದ್ದೆಂದು ಹೇಳಲು ಈಗ ಸರ್ವನಾಮವೋ ಸಂದರ್ಭವೋ ಬೇಕು. ಇದು ನಷ್ಟವೇ. ಧಾರವಾಡದ ಕಡೆಯವರು ‘ನಾ ಬಂದೆ, ನೀ ಬಂದಿ’ ಎಂದು ಈ ನಷ್ಟವನ್ನು ತಪ್ಪಿಸಿಕೊಂಡಿದ್ದಾರೆ. ಕ್ರಿಯ ತುದಿಯನ್ನು ಕಾಪಾಡಿ, ಸರ್ವನಾಮದ ತುದಿಯನ್ನು ಬಿಟ್ಟಿದ್ದಾರೆ. ಎಲ್ಲಾದರೂ ಒಂದು ಕಡೆ ಖರ್ಚು ಮಾಡಲೇಬೇಕಾದರೆ ಎಲ್ಲಿ ಮಾಡಬೇಕೆಂಬುದು ಸೀಮೆ ಸೀಮೆಗೆ ಬೇರೆ. ಮೈಸೂರಿನವರು ‘ಮನೆಯಲ್ಲಿ’ ಎಂಬುದನ್ನು ‘ಮನೇಲಿ’ ಮಾಡಿದರು. ನಡುವಿನ ಯಕಾರ ಹೋದುದಕ್ಕೆ ಎಕಾರವನ್ನು ಎಳೆದು ಪರಿಹಾರ ಕೊಟ್ಟರು. ಮಿತವ್ಯಯದಲ್ಲಿ ಎಲ್ಲರನ್ನೂ ಮೀರಿಸಿದವರು ಕುಂದಾಪುರದ ಕಡೆಯವರು. ‘ಬರಬೇಕು’ ಎಂಬ ಉದ್ದನೆಯ ಮಾತು ಅವರಲ್ಲಿ ‘ಬರ್ಕ್’. ‘ಹೋಗಬೇಕು’ ಎಂಬುದು ‘ಹೋಯ್ಕ್’. ‘ಬೇಕು’ ಎಂಬ ಪದದಲ್ಲಿ ಒಂದು ಕಕಾರ ಮಾತ್ರ ಉಳಿದಿದೆ. ಆ ಒಂದು ಕಕಾರವೇ ಬೇಡಿಕೆಯನ್ನೆಲ್ಲ ಹೊತ್ತು ನಿಲ್ಲುತ್ತದೆ, ಅದನ್ನು ಅವರು ಬಿಡುವುದಿಲ್ಲ.

ಕವಿಗಳಂತೂ ಈ ಸೌಲಭ್ಯವನ್ನು ಎಂದಿನಿಂದಲೂ ಅನುಭವಿಸಿಕೊಂಡು ಬಂದಿದ್ದಾರೆ. ಸಂಸ್ಕೃತದ ‘ಮನಸ್’ ಕನ್ನಡಕ್ಕೆ ಎರಡು ಬಾಗಿಲಿನಿಂದ ಬಂದಿತು. ಒಂದು ಬಾಗಿಲಲ್ಲಿ ಸಕಾರವನ್ನು ಕಳಚಿಟ್ಟು ‘ಮನ’ ಎಂದು ಒಳಗೆ ಬಂದಿತು. ಇನ್ನೊಂದರಲ್ಲಿ ಅದನ್ನು ಇಮ್ಮಡಿಸಿಕೊಂಡು ‘ಮನಸ್ಸು’ ಎಂದು ಬಂದಿತು. ತಪ, ತಪಸ್ಸು, ಯಶ, ಯಶಸ್ಸು, ಜಗ, ಜಗತ್ತು ಹೀಗೆಯೇ. ‘ಮನ’ಕ್ಕೆ ಎರಡು ಮಾತ್ರೆ, ‘ಮನಸ್ಸಿ’ಗೆ ನಾಲ್ಕು. ‘ನಾ’ ಎಂದರೆ ಎರಡು, ‘ನಾನು’ ಎಂದರೆ ಮೂರು. ಷಟ್ಪದಿ ಬರೆಯುವವನಿಗೆ ಇದಕ್ಕಿಂತ ಬೇರೆ ಭಾಗ್ಯ ಬೇಕೆ? ಬೇಂದ್ರೆಯವರು ‘ನಾಲ್ಕು’ ಎಂಬುದರ ಮೈಯನ್ನು ಇಳಿಸಿ ‘ನಾಕುತಂತಿ’ ಎಂದು ತಮ್ಮ ಸಂಕಲನಕ್ಕೆ ಹೆಸರಿಟ್ಟರು. ಅಲ್ಲಿ ಹೋದದ್ದು ತುದಿಯಲ್ಲ, ನಡುವಿನ ಲಕಾರ. ಆದರೂ ಆಡುಮಾತಿನ ಆ ಮೊಟಕು ಪುಸ್ತಕದ ಮುಖದ ಮೇಲೆಯೇ ನಿಂತಿತು. 1973ರ ಜ್ಞಾನಪೀಠ ಪ್ರಶಸ್ತಿ ಬಂದುದು ಆ ಪುಸ್ತಕಕ್ಕೇ.

ಹೆಸರುಗಳ ವಿಷಯದಲ್ಲಿ ಕನ್ನಡಿಗರು ತುದಿಯನ್ನು ಕತ್ತರಿಸುವುದರಲ್ಲಿ ಕೈ ಬಿಗಿಹಿಡಿದವರಲ್ಲ. ಕೃಷ್ಣಮೂರ್ತಿ ಕಿಟ್ಟಿಯಾಗುತ್ತಾನೆ, ಕೈಲಾಸಂ ಅವನನ್ನು ‘ಪೋಲಿ ಕಿಟ್ಟಿ’ ಮಾಡಿ ರಂಗದ ಮೇಲೂ ನಿಲ್ಲಿಸಿದರು. ಸುಬ್ರಹ್ಮಣ್ಯ ಸುಬ್ಬು, ನಾರಾಯಣ ನಾಣಿ, ಪದ್ಮಾವತಿ ಪದ್ದಿ. ಇಲ್ಲಿ ಕತ್ತರಿಸಿದ ಮೇಲೆ ಕನ್ನಡ ಪದವನ್ನು ಮೊಂಡಾಗಿ ಬಿಡುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಒಂದು ಇಕಾರವನ್ನೋ ಉಕಾರವನ್ನೋ ಕೊಟ್ಟು, ತುಂಡಾದ ಹೆಸರಿಗೆ ಹೊಸ ತುದಿ ಕಟ್ಟುತ್ತದೆ. ಸಾಹಿತಿಗಳೂ ಇದನ್ನೇ ಮಾಡಿದರು. ಶ್ರೀಕಂಠಯ್ಯನವರಿಬ್ಬರು ಬಿ.ಎಂ.ಶ್ರೀ, ತೀ.ನಂ.ಶ್ರೀ ಆಗಿ ಉಳಿದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಮೂರು ಪದಗಳ ಮೊದಲುಗಳನ್ನು ಮಾತ್ರ ಇಟ್ಟುಕೊಂಡು ‘ಕುವೆಂಪು’ ಆದರು. ಆ ಹೆಸರಿಗೆ ವಿಭಕ್ತಿ ಹಚ್ಚಿ ನೋಡಿ. ‘ಕಂಪು’ ಎಂಬುದಕ್ಕೆ ‘ಕಂಪಿನ’. ‘ಕುವೆಂಪು’ ಎಂಬುದಕ್ಕೆ ‘ಕುವೆಂಪಿನ’ ಎಂದವರನ್ನು ನಾನು ಕೇಳಿಲ್ಲ, ‘ಕುವೆಂಪುವಿನ’ ಎಂದೇ ಎಲ್ಲರೂ ಎನ್ನುತ್ತಾರೆ. ಆ ಉಕಾರ ಪುಟ್ಟಪ್ಪ ಎಂಬ ಹೆಸರಿನ ಒಳಗಿನಿಂದ ಬಂದದ್ದು, ಅದು ಅತಿಥಿಯಲ್ಲ. ನಮ್ಮ ಕಾಲದಲ್ಲಿ ಹುಟ್ಟಿದ ಒಂದು ಹೊಸ ಪದದಲ್ಲಿಯೂ ಭಾಷೆ ಇಷ್ಟು ಸೂಕ್ಷ್ಮವಾದ ವಿವೇಕವನ್ನು ತೋರಿಸಿತು.

ಇಷ್ಟೆಲ್ಲ ವಿವೇಕವುಳ್ಳ ಭಾಷೆಯಲ್ಲಿ ಇಂದು ಬೇರೊಂದು ಬಗೆಯ ಅಂತ್ಯಲೋಪ ನಡೆದಿದೆ. ನನ್ನ ಆಕ್ಷೇಪಣೆ ಇರುವುದು ಅದರ ಮೇಲೆ. ರಮೇಶ, ಸುರೇಶ, ಅಶೋಕ, ನಾಗರಾಜ ಎಂಬವರೆಲ್ಲ ಈಗ ಹಾಜರಿ ಪುಸ್ತಕದಲ್ಲಿಯೂ ಮದುವೆಯ ಕರೆಯೋಲೆಯಲ್ಲಿಯೂ ರಮೇಶ್, ಸುರೇಶ್, ಅಶೋಕ್, ನಾಗರಾಜ್ ಆಗಿದ್ದಾರೆ. ಇಲ್ಲಿ ಬಿದ್ದಿರುವುದು ಅತಿಥಿಯಾದ ಉಕಾರವಲ್ಲ, ಪದದ ಮೈಯಲ್ಲಿದ್ದ ಅಕಾರ. ಕನ್ನಡದ ನಾಲಗೆ ತಾನಾಗಿ ಅಕಾರವನ್ನು ಹೀಗೆ ಬಿಡುವುದಿಲ್ಲ. ‘ಮರ ಬಿತ್ತು’ ಎಂಬುದನ್ನು ‘ಮರ್ ಬಿತ್ತು’ ಎಂದವರುಂಟೆ? ಇದು ಹಿಂದಿಯ ಉಚ್ಚಾರಣೆಯೂ ಇಂಗ್ಲಿಷಿನ ಕಾಗುಣಿತವೂ ಸೇರಿ ತಂದ ರೂಪ. ಇದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ತೋರುತ್ತದೆ. ‘ರಮೇಶ’ ಎಂದರೆ ಗೋಲಿಯಾಡುವ ಹುಡುಗನಂತೆ ಕೇಳಿಸುತ್ತದೆ, ‘ರಮೇಶ್’ ಎಂದರೆ ಕಚೇರಿಗೆ ಹೋಗುವ ದೊಡ್ಡವನಂತೆ. ಕಾರಂತ ಎಂಬುದಕ್ಕೆ ಗೌರವ ಸೇರಿಸಿದರೆ ‘ಕಾರಂತರು’ ಎಂದು ಒಂದೇ ಪದ, ಎಷ್ಟು ಸೊಗಸಾಗಿ ಕೂಡಿಕೊಂಡಿತು! ರಮೇಶ್ ಎಂಬುದಕ್ಕೆ ಅದು ಕೂಡುವುದಿಲ್ಲ. ‘ರಮೇಶ್ ಅವರು’ ಎಂದು ಬೇರೆ ಪದವನ್ನೇ ಪಕ್ಕದಲ್ಲಿ ನಿಲ್ಲಿಸಬೇಕು. ಆದರೆ ಇದೇ ರಮೇಶ್ ಬೀದಿಯ ಕೊನೆಯಲ್ಲಿ ಆಡುತ್ತಿರುವಾಗ ಅವನ ತಾಯಿ ಬಾಗಿಲಲ್ಲಿ ನಿಂತು ಕೂಗುವುದನ್ನು ಕೇಳಿ: ‘ರಮೇಶಾ...’ ದೂರದಿಂದ ಕರೆಯುವಾಗ ಕೊನೆಯ ಸ್ವರವನ್ನು ಎಳೆಯಬೇಕೆಂಬ ನಿಯಮ ಪಾಣಿನಿಯಲ್ಲಿದೆ, ಪ್ಲುತವೆಂದು ನಾವೂ ಪಾಠ ಹೇಳುತ್ತೇವೆ. ಶಕಾರವನ್ನು ಎಳೆದು ಕರೆದರೆ ಹಾವು ಬುಸುಗುಟ್ಟಿದಂತಾಗುತ್ತದೆ. ಹಾಜರಿ ಪುಸ್ತಕ ಕತ್ತರಿಸಿದುದನ್ನು ತಾಯಿ ಮತ್ತೆ ಅಂಟಿಸಲೇಬೇಕು.

ಹೆಸರುಗಳು ಅವರವರ ಇಷ್ಟ. ಅವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ನನಗೆ ಚಿಂತೆಯಾಗಿರುವುದು ಇದೇ ಪದ್ಧತಿ ಸಾಮಾನ್ಯ ಪದಗಳಿಗೂ ಹಬ್ಬಿರುವುದಕ್ಕೆ. ‘ಬಸ್ಸಿನಲ್ಲಿ, ಕಾರಿನಲ್ಲಿ, ಫೋನಿನಲ್ಲಿ’ ಎಂದು ಬರೆಯುತ್ತಿದ್ದವರು ಈಗ ‘ಬಸ್‌ನಲ್ಲಿ, ಕಾರ್‌ನಲ್ಲಿ, ಫೋನ್‌ನಲ್ಲಿ’ ಎಂದು ಬರೆಯುತ್ತಾರೆ, ಅಚ್ಚು ಮಾಡುತ್ತಾರೆ. ಪದದ ತುದಿಯ ಸ್ವರ ಬರಿಯ ಅಲಂಕಾರವಲ್ಲ. ವಿಭಕ್ತಿಪ್ರತ್ಯಯ ಬಂದು ಕೂಡಿಕೊಳ್ಳುವ ಕೀಲು ಅದು. ‘ಹಾಲ್ ತಾ’ ಎನ್ನುವಾಗ ಅಲ್ಲಿ ಯಾವ ಪ್ರತ್ಯಯವೂ ಕೂಡಬೇಕಾಗಿಲ್ಲ, ಕೀಲಿನ ಕೆಲಸವಿಲ್ಲ, ಆದ್ದರಿಂದ ಸ್ವರ ಉದುರಿದರೂ ಬಾಧೆಯಿಲ್ಲ. ‘ಹಾಲಿಗೆ’ ಎನ್ನುವಾಗ ಕೀಲು ಬೇಕು. ಆಗ ‘ಹಾಲ್‌ಗೆ’ ಎಂದು ಯಾರೂ ಬರೆಯುವುದಿಲ್ಲ. ‘ಬಸ್‌ನಲ್ಲಿ’ ಎಂಬಲ್ಲಿ ಕೀಲನ್ನೇ ಕಿತ್ತು ಎರಡು ಹಲಗೆಗಳನ್ನು ಪಕ್ಕಪಕ್ಕದಲ್ಲಿ ಒರಗಿಸಿ ಇಟ್ಟಿದ್ದಾರೆ. ಕನ್ನಡ ಲಿಪಿಗೆ ಇದು ಎಷ್ಟು ಪರಕೀಯವೆಂಬುದನ್ನು ಕಂಪ್ಯೂಟರಿನ ಮುಂದೆ ಕುಳಿತು ನೋಡಬಹುದು. ಸಕಾರದ ಅರ್ಧಾಕ್ಷರ ಒತ್ತಿ ನಕಾರ ಒತ್ತಿದರೆ ಯಂತ್ರ ‘ಬಸ್ನಲ್ಲಿ’ ಎಂದು ಒತ್ತಕ್ಷರ ಮಾಡಿಬಿಡುತ್ತದೆ. ಎರಡನ್ನೂ ಬೇರೆ ನಿಲ್ಲಿಸಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ತುರುಕಬೇಕು. ನಮ್ಮ ಲಿಪಿಯಲ್ಲಿ ವ್ಯಂಜನ ಮುಂದಿನ ಅಕ್ಷರವನ್ನು ಅಪ್ಪಿಕೊಳ್ಳಲು ಕಾಯುತ್ತಿರುತ್ತದೆ. ಅದನ್ನು ತಡೆಯಲು ಇಷ್ಟು ಪ್ರಯಾಸ.

ಇದಕ್ಕೆ ಆಡುಮಾತನ್ನು ಹೊಣೆಮಾಡುವುದು ಅನ್ಯಾಯ. ಮಾತಿನಲ್ಲಿ ಯಾರೂ ‘ಬಸ್‌ನಲ್ಲಿ’ ಎನ್ನುವುದಿಲ್ಲ. ಸಂತೆಗೆ ಹೋಗುವ ಮುದುಕಿಯೂ ಕಾಲೇಜಿಗೆ ಹೋಗುವ ಹುಡುಗಿಯೂ ‘ಬಸ್ಸಲ್ಲಿ’ ಎನ್ನುತ್ತಾರೆ, ‘ಕಾರಲ್ಲಿ’ ಎನ್ನುತ್ತಾರೆ, ‘ಫೋನಲ್ಲಿ, ಮೊಬೈಲಲ್ಲಿ’ ಎನ್ನುತ್ತಾರೆ. ಊರು ಅಲ್ಲಿ ಸೇರಿ ಊರಲ್ಲಿ. ಬಸ್ಸು ಅಲ್ಲಿ ಸೇರಿ ಬಸ್ಸಲ್ಲಿ. ಅಚ್ಚ ಕನ್ನಡದ ಲೋಪಸಂಧಿ. ಮಾತಿನಲ್ಲಿ ಉಕಾರವನ್ನು ಉದುರಿಸುವ ಅದೇ ನಾಲಗೆ ಕೀಲಿನ ಜಾಗದಲ್ಲಿ ಎಚ್ಚರ ತಪ್ಪುವುದಿಲ್ಲ. ತಪ್ಪುತ್ತಿರುವುದು ಲೇಖನಿ.

ಈಚೆಗೆ ಒಂದು ಪರೀಕ್ಷೆಯ ಮೌಲ್ಯಮಾಪನದಲ್ಲಿ ಇದೇ ವಿಷಯ ನಮ್ಮ ಮೇಜಿನ ಮೇಲೆ ಬಂದಿತು. ಪ್ರವಾಸದ ಮೇಲೆ ಪ್ರಬಂಧ ಬರೆದಿದ್ದ ಒಬ್ಬ ವಿದ್ಯಾರ್ಥಿ ‘ನಾವೆಲ್ಲ ಬಸ್ಸಲ್ಲಿ ಹೊರಟೆವು’ ಎಂದಿದ್ದ. ಸಹೋದ್ಯೋಗಿಯೊಬ್ಬರು ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಬಸ್‌ನಲ್ಲಿ’ ಎಂದು ತಿದ್ದಿ, ಅರ್ಧ ಅಂಕ ಕಳೆದಿದ್ದರು. ‘ಗ್ರಾಮ್ಯವಲ್ಲವೆ ಸ್ವಾಮಿ?’ ಎಂದರು. ‘ಊರಲ್ಲಿ ಎಂದು ಬರೆದಿದ್ದರೆ ಕಳೆಯುತ್ತಿದ್ದಿರಾ?’ ಎಂದು ಕೇಳಿದೆ. ‘ಅದು ಲೋಪಸಂಧಿ, ಪಾಠದಲ್ಲಿಯೇ ಇದೆಯಲ್ಲ’ ಎಂದರು. ಇದೂ ಅದೇ ಎಂದು ಎರಡನ್ನೂ ಒಂದರ ಕೆಳಗೊಂದು ಬಿಡಿಸಿ ಬರೆದು ತೋರಿಸಿದೆ. ಅವರು ಹಟಮಾರಿಗಳಲ್ಲ. ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತಿದ್ದು, ‘ಬಸ್ಸಿನಲ್ಲಿ ಎಂದಿದ್ದರೆ ಇನ್ನೂ ಚೆನ್ನಾಗಿತ್ತು’ ಎಂದರು. ಅದನ್ನು ನಾನೂ ಒಪ್ಪಿದೆ. ತಮ್ಮ ತಿದ್ದುಪಡಿಯನ್ನು ಹೊಡೆದುಹಾಕಿ, ಅರ್ಧ ಅಂಕವನ್ನು ಹಿಂದಕ್ಕೆ ಕೊಟ್ಟು, ಪಕ್ಕದಲ್ಲಿ ಸಹಿ ಮಾಡಿ, ಅವರು ಮುಂದಿನ ಉತ್ತರಪತ್ರಿಕೆಯನ್ನು ತೆಗೆದುಕೊಂಡರು.